ಹಿನ್ನೆಲೆಯಿಲ್ಲದ ಚಲಿಸುವ ಲಾಂಛನ: ಬೇಡಿಕೆ ಸಲ್ಲಿಸುವ ಮುನ್ನ ಉದ್ಯಮಿಗಳು ತಿಳಿದಿರಬೇಕಾದ ಸಂಗತಿಗಳು

ವರ್ತಕರ ಪಾಲಿಗೆ 'ಎಕ್ಸ್‌ಪೋರ್ಟ್' ಎಂದರೆ ರಫ್ತು. ಸರಕು ಯಾವುದು, ಅದನ್ನು ಎಂತಹ ಪೆಟ್ಟಿಗೆಯಲ್ಲಿ ತುಂಬಬೇಕು, ಪೆಟ್ಟಿಗೆಯ ಮೇಲೆ ಏನು ಬರೆದಿರಬೇಕು ಎಂಬುದನ್ನು ಮೊದಲೇ ನಿಶ್ಚಯಿಸದೆ ಯಾರೂ ರಫ್ತಿಗೆ ಕೈಹಾಕುವುದಿಲ್ಲ. ವಿಡಿಯೊ ತಯಾರಿಕೆಯಲ್ಲಿಯೂ ಇದೇ ಪದ ಬಳಕೆಯಲ್ಲಿದೆ. ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಚಲಿಸುವ ಚಿತ್ರವನ್ನು ಮತ್ತೊಂದು ತಂತ್ರಾಂಶಕ್ಕೆ ಒಯ್ಯಬಲ್ಲ ಕಡತವಾಗಿ ಹೊರತೆಗೆಯುವುದನ್ನು ಅಲ್ಲಿ 'ಎಕ್ಸ್‌ಪೋರ್ಟ್' ಎನ್ನಲಾಗುತ್ತದೆ. ಇಲ್ಲಿಯೂ ಸರಕು, ಪೆಟ್ಟಿಗೆ ಮತ್ತು ಪೆಟ್ಟಿಗೆಯ ಮೇಲಿನ ಬರಹ ಎಂಬ ಮೂರು ಸಂಗತಿಗಳುಂಟು. ಆದರೆ ಕಂಪನಿಯ ಚಲಿಸುವ ಲಾಂಛನಕ್ಕೋ, ಹೆಸರಿನ ಪಟ್ಟಿಗೋ ಬೇಡಿಕೆ ಸಲ್ಲಿಸುವಾಗ ಈ ಮೂರನ್ನೂ ವಿಚಾರಿಸುವ ಉದ್ಯಮಿಗಳು ವಿರಳ.

ಇದರಿಂದ ಒದಗುವ ತೊಂದರೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮೈಸೂರಿನ ಅಗರಬತ್ತಿ ತಯಾರಿಕಾ ಘಟಕವೊಂದು ವಾಣಿಜ್ಯ ಮೇಳದ ತನ್ನ ಮಳಿಗೆಯಲ್ಲಿ ತೋರಿಸಲು ಪರಿಚಯ ಚಿತ್ರವೊಂದನ್ನು ಮಾಡಿಸುತ್ತಿದೆ ಎಂದು ಕಲ್ಪಿಸಿಕೊಳ್ಳಬಹುದು. ಚಿತ್ರೀಕರಣ ಹಾಗೂ ಸಂಕಲನದ ಹೊಣೆ ಒಬ್ಬರದು. ಉರಿಯುವ ಕಡ್ಡಿಯ ತುದಿಯಿಂದ ಎದ್ದ ಹೊಗೆಯ ಎಳೆ ಸುರುಳಿಗೊಂಡು ಕಂಪನಿಯ ಹೆಸರಾಗಿ ಮೂಡುವ ಹತ್ತು ಸೆಕೆಂಡಿನ ಲಾಂಛನದ ಹೊಣೆ ಮತ್ತೊಂದು ಸಣ್ಣ ಸ್ಟುಡಿಯೊದ್ದು. ಮೇಳಕ್ಕೆ ಎರಡು ದಿನಗಳಿರುವಾಗ ಲಾಂಛನದ ಕಡತ ಇ-ಮೇಲ್ ಮೂಲಕ ಬರುತ್ತದೆ. ತೆರೆದು ನೋಡಿದರೆ ಸೊಗಸಾಗಿದೆ. ಆದರೆ ಸಂಕಲನಕಾರರು ಅದನ್ನು ಕಾರ್ಖಾನೆಯ ದೃಶ್ಯದ ಮೇಲೆ ಇರಿಸಿದೊಡನೆ ಕಾರ್ಖಾನೆ ಕಾಣದಾಗಿ, ಪರದೆಯ ತುಂಬ ಕಪ್ಪು ಆವರಿಸಿ, ಅದರ ನಡುವೆ ಹೊಗೆ ಏಳುತ್ತದೆ. ಕೇಳಿದ್ದನ್ನು ಮಾಡಿಕೊಟ್ಟಿದ್ದೇವೆ ಎಂದು ಸ್ಟುಡಿಯೊದವರು ಹೇಳುತ್ತಾರೆ. ಕಪ್ಪನ್ನು ತೆಗೆಯುವುದು ತಮ್ಮ ಕೆಲಸವಲ್ಲವೆಂದು ಸಂಕಲನಕಾರರು ಹೇಳುತ್ತಾರೆ. ಇಬ್ಬರ ಮಾತೂ ಸರಿಯೇ. ಹಣ ಕೊಟ್ಟವರ ಕೈಯಲ್ಲಿ ಮಾತ್ರ ಬಳಸಲಾಗದ ಲಾಂಛನ ಉಳಿಯುತ್ತದೆ.

ಇಂತಹ ಪ್ರಸಂಗಗಳಲ್ಲಿ ಕಲಾವಿದರ ಕೌಶಲದ ಕೊರತೆ ಕಾರಣವಾಗಿರುವುದು ಅಪರೂಪ. ಬೇಡಿಕೆ ಪತ್ರದಲ್ಲಿ ಬರೆಯದೆ ಬಿಟ್ಟ ನಾಲ್ಕಾರು ಸಾಲುಗಳೇ ಹೆಚ್ಚಾಗಿ ಕಾರಣ. ಆ ಸಾಲುಗಳಲ್ಲಿ ಏನಿರಬೇಕು, ಏಕಿರಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಪಾರದರ್ಶಕತೆ ಎಂಬ ನಾಲ್ಕನೆಯ ಅಂಕಿ

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಚುಕ್ಕೆಗಳಿಂದ ರಚಿತವಾದದ್ದು. ಪ್ರತಿಯೊಂದು ಪಿಕ್ಸೆಲ್‌ನ ಬಣ್ಣವನ್ನು ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಸೂಚಿಸುವ ಮೂರು ಅಂಕಿಗಳಿಂದ ಗುರುತಿಸಲಾಗುತ್ತದೆ. ರೂಢಿಯ 8 ಬಿಟ್ ಪದ್ಧತಿಯಲ್ಲಿ ಈ ಅಂಕಿಗಳು 0ರಿಂದ 255ರವರೆಗೆ ಇರುತ್ತವೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಈ ಮೂರು ಅಂಕಿಗಳಲ್ಲಿ 'ಇಲ್ಲಿ ಏನೂ ಇಲ್ಲ' ಎಂದು ಹೇಳಲು ಅವಕಾಶವಿಲ್ಲ. ಕಪ್ಪು ಕೂಡ ಒಂದು ಬಣ್ಣವೇ ಹೊರತು ಖಾಲಿ ಜಾಗವಲ್ಲ.

ಖಾಲಿ ಜಾಗವನ್ನು ಹೇಳುವುದಕ್ಕೆಂದೇ ನಾಲ್ಕನೆಯ ಅಂಕಿಯೊಂದನ್ನು ಸೇರಿಸಲಾಗುತ್ತದೆ. ಇದಕ್ಕೆ ಆಲ್ಫಾ ಎಂದು ಹೆಸರು. ಇಡೀ ಚಿತ್ರದ ಆಲ್ಫಾ ಅಂಕಿಗಳ ಸಮೂಹವೇ ಆಲ್ಫಾ ಚಾನೆಲ್. ಆಲ್ಫಾ 0 ಇರುವಲ್ಲಿ ಕೆಳಗಿನ ದೃಶ್ಯ ಪೂರ್ತಿಯಾಗಿ ಕಾಣುತ್ತದೆ, 255 ಇರುವಲ್ಲಿ ಪೂರ್ತಿಯಾಗಿ ಮುಚ್ಚಿಹೋಗುತ್ತದೆ. ನಡುವಿನ ಅಂಕಿಗಳು ಅರೆಪಾರದರ್ಶಕತೆಯನ್ನು ಸೂಚಿಸುತ್ತವೆ. ಅಗರಬತ್ತಿಯ ಹೊಗೆ ಬಹುಮಟ್ಟಿಗೆ ಈ ನಡುವಿನ ಅಂಕಿಗಳಲ್ಲಿಯೇ ಇರುತ್ತದೆ. ಗಟ್ಟಿಯಾಗಿ ಕಾಣುವ ಅಕ್ಷರಗಳ ಅಂಚಿನಲ್ಲಿಯೂ ಒಂದೆರಡು ಪಿಕ್ಸೆಲ್‌ಗಳಷ್ಟು ಅರೆಪಾರದರ್ಶಕತೆ ಇರುತ್ತದೆ. ಅದಿಲ್ಲದಿದ್ದರೆ ಅಕ್ಷರದ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ.

ಈ ಕಲ್ಪನೆ ಹೊಸದೇನಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಹಾಗೂ ಎಡ್ ಕ್ಯಾಟ್ಮುಲ್ ಅವರು ಇದನ್ನು ರೂಪಿಸಿದರು. ಎರಡು ಚಿತ್ರಗಳನ್ನು ಬೆರೆಸುವ ಗಣಿತಸೂತ್ರದಲ್ಲಿ ಬರುವ ಗ್ರೀಕ್ ಅಕ್ಷರದಿಂದ ಆಲ್ಫಾ ಎಂಬ ಹೆಸರು ಬಂದಿತು. ಒಂದರ ಮೇಲೊಂದು ಚಿತ್ರವನ್ನು ಹೊಂದಿಸುವ ವಿಧಿಗಳನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅವರು 1984ರ ತಮ್ಮ ಪ್ರಬಂಧದಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ಈ ನಾಲ್ವರಿಗೂ 1996ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಸಂದಿತು. ಇಂದಿನ ಸಂಕಲನ ತಂತ್ರಾಂಶಗಳೆಲ್ಲವೂ ಲಾಂಛನವನ್ನು ದೃಶ್ಯದ ಮೇಲೆ ಕೂರಿಸುವುದು ಈ ತತ್ತ್ವದ ಆಧಾರದ ಮೇಲೆಯೇ.

ಪೆಟ್ಟಿಗೆ ಬೇರೆ, ಸರಕು ಬೇರೆ

ಉದಾಹರಣೆಯ ಸ್ಟುಡಿಯೊ ಕಳುಹಿಸಿದ್ದು ಎಂಪಿ4 ಕಡತ. ದೂರವಾಣಿ, ದೂರದರ್ಶನ, ಅಂತರ್ಜಾಲ ಎಲ್ಲೆಡೆಯೂ ಓಡುವ ಕಡತವಾದ್ದರಿಂದ ಅದನ್ನು ಕಳುಹಿಸಿದ್ದು ಸಹಜವೇ. ಆದರೆ ಎಂಪಿ4 ಕೇವಲ ಪೆಟ್ಟಿಗೆ. ಅದರೊಳಗೆ ಚಿತ್ರವನ್ನು ಯಾವ ವಿಧಾನದಿಂದ ಅಡಕಗೊಳಿಸಿ ತುಂಬಲಾಗಿದೆ ಎಂಬುದು ಬೇರೆ ವಿಷಯ. ಆ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ರೂಢಿಯ ಎಂಪಿ4 ಪೆಟ್ಟಿಗೆಯಲ್ಲಿರುವುದು 2003ರಲ್ಲಿ ಅಂಗೀಕೃತವಾದ ಎಚ್.264 ಎಂಬ ಕೋಡೆಕ್. ಸಂಕಲನ ತಂತ್ರಾಂಶಗಳು ಸಾಮಾನ್ಯವಾಗಿ ಬರೆಯುವ ಎಚ್.264 ಕಡತದಲ್ಲಿ ನಾಲ್ಕನೆಯ ಅಂಕಿಗೆ ಸ್ಥಾನವಿರುವುದಿಲ್ಲ. ಹೊರತೆಗೆಯುವ ಹಂತದಲ್ಲಿ ಆಲ್ಫಾವನ್ನು ಕೈಬಿಟ್ಟು, ಖಾಲಿ ಜಾಗವನ್ನು ಹಿನ್ನೆಲೆಯ ಬಣ್ಣದಿಂದ, ಸಾಮಾನ್ಯವಾಗಿ ಕಪ್ಪಿನಿಂದ ತುಂಬಲಾಗುತ್ತದೆ. ಒಮ್ಮೆ ಹೀಗಾದ ಕಡತವನ್ನು ಬೇರೊಂದು ಪೆಟ್ಟಿಗೆಗೆ ಬದಲಾಯಿಸಿದರೂ ಕಳೆದುಹೋದ ಆಲ್ಫಾ ಮರಳಿ ಬರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ಎಂಒವಿ ಕಡತವಾದರೆ ಪಾರದರ್ಶಕತೆ ಇದ್ದೇ ಇರುತ್ತದೆ ಎಂದು ಅನೇಕರು ನಂಬುತ್ತಾರೆ. ಎಂಒವಿ ಸಹ ಪೆಟ್ಟಿಗೆಯೇ. ಅದರೊಳಗೆ ಆಲ್ಫಾ ಹೊರಬಲ್ಲ ಕೋಡೆಕ್ ಇರಬಹುದು, ಎಚ್.264 ಕೂಡ ಇರಬಹುದು. ಆದ್ದರಿಂದ 'ಎಂಒವಿ ಕಡತ ಬೇಕು' ಎಂದಷ್ಟೇ ಬರೆದರೆ ಸಾಲದು. ಕೋಡೆಕ್‌ನ ಹೆಸರನ್ನೂ ಬರೆಯಬೇಕು.

ಆಲ್ಫಾ ಹೊರಬಲ್ಲ ಪ್ರಮುಖ ವಿಧಾನಗಳು

1. ಪ್ರೊರೆಸ್ 4444: ಆಪಲ್ ಸಂಸ್ಥೆ 2009ರಲ್ಲಿ ಹೊರತಂದ ಈ ಕೋಡೆಕ್ ಇಂದು ಸಂಕಲನ ಕೋಣೆಗಳಲ್ಲಿ ಬಹುಮಾನ್ಯವಾದದ್ದು. ಹೆಸರಿನಲ್ಲಿರುವ ಮೊದಲ ಮೂರು 4 ಅಂಕಿಗಳು ಬಣ್ಣದ ವಿವರವನ್ನು ಎಲ್ಲ ಪಿಕ್ಸೆಲ್‌ಗಳಲ್ಲಿಯೂ ಪೂರ್ತಿಯಾಗಿ ಉಳಿಸಿಕೊಂಡಿರುವುದನ್ನು, ಕೊನೆಯ 4 ಆಲ್ಫಾ ಚಾನೆಲ್ ಇರುವುದನ್ನು ಸೂಚಿಸುತ್ತವೆ. ಇದೇ ಕುಟುಂಬದ ಪ್ರೊರೆಸ್ 422 ಮತ್ತು 422 ಎಚ್‌ಕ್ಯು ಉತ್ತಮ ಗುಣಮಟ್ಟದವೇ ಆದರೂ ಆಲ್ಫಾ ಹೊರುವುದಿಲ್ಲ. ಕೇವಲ 'ಪ್ರೊರೆಸ್' ಎಂದು ಬರೆದರೆ ತಪ್ಪು ಕಡತ ಬರುವ ಸಾಧ್ಯತೆ ಇದೆ. ಅಡೋಬಿ ಸಂಸ್ಥೆಯ ತಂತ್ರಾಂಶಗಳಲ್ಲಿ 2018ರ ಕೊನೆಯಿಂದ ವಿಂಡೋಸ್ ಗಣಕಯಂತ್ರಗಳಲ್ಲಿಯೂ ಪ್ರೊರೆಸ್ ಬರೆಯಲು ಅವಕಾಶವಾಗಿದೆ.

2. ಡಿಎನ್ಎಕ್ಸ್ಎಚ್ಆರ್ 444 ಮತ್ತು ಸಿನೆಫಾರ್ಮ್: ಮೊದಲನೆಯದು ಆವಿಡ್ ಸಂಸ್ಥೆಯದು. ಎರಡರಲ್ಲಿಯೂ ಆಲ್ಫಾ ಸೇರಿಸಬಹುದು. ಸಂಕಲನಕಾರರ ವ್ಯವಸ್ಥೆಗೆ ಇವು ಒಗ್ಗುವುದಾದರೆ ಬಳಸಬಹುದು.

3. ಅನಿಮೇಶನ್ ಕೋಡೆಕ್: ಕ್ವಿಕ್‌ಟೈಮ್‌ನ ಈ ಹಳೆಯ ವಿಧಾನ ವಿವರವನ್ನು ನಷ್ಟಗೊಳಿಸದೆ ಉಳಿಸುತ್ತದೆ. ಒಂದೇ ಬಣ್ಣದ ಹರವುಗಳುಳ್ಳ ಚಿತ್ರಗಳಿಗೆ ಒಳ್ಳೆಯದು. ಹೊಗೆಯಂತಹ ಸೂಕ್ಷ್ಮ ಏರಿಳಿತಗಳ ಚಿತ್ರಗಳಲ್ಲಿ ಕಡತದ ಗಾತ್ರ ಬಹಳ ಹೆಚ್ಚುತ್ತದೆ.

4. ಪಿಎನ್‌ಜಿ ಸರಣಿ: ಚಲನೆಯನ್ನು ಒಂದೇ ವಿಡಿಯೊ ಮಾಡದೆ, ಪ್ರತಿ ಫ್ರೇಮನ್ನೂ ಕ್ರಮಸಂಖ್ಯೆಯುಳ್ಳ ಪ್ರತ್ಯೇಕ ಚಿತ್ರವಾಗಿ ಬರೆಯುವ ಪದ್ಧತಿ. ಸೆಕೆಂಡಿಗೆ 25 ಫ್ರೇಮುಗಳಂತೆ ಹತ್ತು ಸೆಕೆಂಡಿಗೆ 250 ಚಿತ್ರಗಳಾಗುತ್ತವೆ. ಪಿಎನ್‌ಜಿ 1996ರಿಂದ ಬಳಕೆಯಲ್ಲಿರುವ ಮುಕ್ತ ಮಾನಕವಾದ್ದರಿಂದ ಯಾವುದೇ ಒಂದು ಸಂಸ್ಥೆಯ ಕೋಡೆಕ್ ಅನ್ನು ಅವಲಂಬಿಸಬೇಕಿಲ್ಲ. ವಿದ್ಯುತ್ ಕಡಿತದಿಂದ ಕೆಲಸ 180ನೇ ಫ್ರೇಮಿನಲ್ಲಿ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಧ್ವನಿಯನ್ನು ಬೇರೆ ಕಡತದಲ್ಲಿ ಕೊಡಬೇಕಾಗುತ್ತದೆ. ಸೆಕೆಂಡಿಗೆ ಎಷ್ಟು ಫ್ರೇಮು ಎಂಬುದನ್ನೂ ಬರೆದು ತಿಳಿಸಬೇಕು. 25ರ ದರದಲ್ಲಿ ಮಾಡಿದ 250 ಚಿತ್ರಗಳನ್ನು ಸಂಕಲನ ತಂತ್ರಾಂಶವು 30ರ ದರದಲ್ಲಿ ಓದಿದರೆ ಹತ್ತು ಸೆಕೆಂಡಿನ ಲಾಂಛನ ಎಂಟೂ ಕಾಲು ಸೆಕೆಂಡು ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ.

ಅಂತರ್ಜಾಲ ತಾಣಗಳಿಗಾಗಿ ವಿಪಿ9 ಕೋಡೆಕ್‌ನ ವೆಬ್‌ಎಂ ಕಡತ ಹಾಗೂ ಆಪಲ್ 2019ರಲ್ಲಿ ಪರಿಚಯಿಸಿದ ಆಲ್ಫಾಸಹಿತ ಎಚ್‌ಇವಿಸಿ ಉಪಯುಕ್ತವಾಗಿವೆ. ಇವು ಚಿಕ್ಕ ಗಾತ್ರದವು. ಆದರೆ ಎಲ್ಲ ಸಂಕಲನ ತಂತ್ರಾಂಶಗಳೂ ಇವುಗಳ ಆಲ್ಫಾವನ್ನು ಓದುವುದಿಲ್ಲವಾದ್ದರಿಂದ ಸಂಕಲನಕ್ಕೆ ಒಪ್ಪಿಸುವ ಮೂಲಪ್ರತಿಯಾಗಿ ಇವನ್ನು ಆರಿಸಿಕೊಳ್ಳದಿರುವುದು ಕ್ಷೇಮ.

ಗಾತ್ರದ ಲೆಕ್ಕಾಚಾರ

ಎಂಪಿ4 ಕಡತವೇ ಕೈಸೇರಲು ಮತ್ತೊಂದು ಕಾರಣ ಗಾತ್ರ. 1920 × 1080 ಅಳತೆಯ ಒಂದು ಫ್ರೇಮಿನಲ್ಲಿ 20,73,600 ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ಗೆ ಆಲ್ಫಾಸಹಿತ 4 ಬೈಟ್‌ನಂತೆ ಒಂದು ಫ್ರೇಮಿಗೆ ಸುಮಾರು 8.3 ಮೆಗಾಬೈಟ್, ಸೆಕೆಂಡಿಗೆ 25 ಫ್ರೇಮಿನಂತೆ ಸುಮಾರು 207 ಮೆಗಾಬೈಟ್ ಆಗುತ್ತದೆ. ಅಡಕಗೊಳಿಸದಿದ್ದರೆ ಹತ್ತು ಸೆಕೆಂಡಿಗೆ 2 ಗಿಗಾಬೈಟ್ ದಾಟುತ್ತದೆ. ಇದೇ ಅಳತೆ ಮತ್ತು ದರಕ್ಕೆ ಪ್ರೊರೆಸ್ 4444ಗೆ ಆಪಲ್ ಸೂಚಿಸಿರುವ ಪ್ರಮಾಣ, ಆಲ್ಫಾ ಹೊರತುಪಡಿಸಿ, ಸೆಕೆಂಡಿಗೆ ಸುಮಾರು 275 ಮೆಗಾಬಿಟ್. ಅಂದರೆ ಹತ್ತು ಸೆಕೆಂಡಿಗೆ ಸುಮಾರು 340 ಮೆಗಾಬೈಟ್. ಸೆಕೆಂಡಿಗೆ 8 ಮೆಗಾಬಿಟ್ ದರದ ಎಂಪಿ4 ಆದರೆ ಕೇವಲ 10 ಮೆಗಾಬೈಟ್.

ಜಿಮೇಲ್‌ನಲ್ಲಿ ಲಗತ್ತಿಸಬಹುದಾದ ಕಡತದ ಮಿತಿ 25 ಮೆಗಾಬೈಟ್. ಅವಸರದಲ್ಲಿ ಇ-ಮೇಲ್‌ನಲ್ಲಿ ಹೋಗುವ ಕಡತವೇ ಗ್ರಾಹಕರನ್ನು ತಲುಪುವುದು ಹೀಗೆ. ಮೊಬೈಲ್ ಸಂದೇಶ ಸೇವೆಗಳ ಮೂಲಕ ವಿಡಿಯೊ ರೂಪದಲ್ಲಿ ಕಳುಹಿಸಿದರೆ ಅವು ಅದನ್ನು ಮತ್ತೊಮ್ಮೆ ಅಡಕಗೊಳಿಸುವುದರಿಂದ ಆಲ್ಫಾ ಉಳಿಯುವುದಿಲ್ಲ. ಆದ್ದರಿಂದ ಕಡತವನ್ನು ಪೆನ್‌ಡ್ರೈವ್‌ನಲ್ಲಿ ತರಿಸಿಕೊಳ್ಳುವುದು, ಇಲ್ಲವೇ ಅಂತರ್ಜಾಲದ ಸಂಗ್ರಹಣಾ ಸೇವೆಯಲ್ಲಿ ಇರಿಸಿ ಕೊಂಡಿ ಪಡೆಯುವುದು ಸೂಕ್ತ.

ಅಂಚಿನ ಕಪ್ಪು ಗೆರೆಯ ರಹಸ್ಯ

ಆಲ್ಫಾ ಇರುವ ಕಡತ ಬಂದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ. ಕೆಲವೊಮ್ಮೆ ಅಕ್ಷರಗಳ ಸುತ್ತ ತೆಳುವಾದ ಕಪ್ಪು ಗೆರೆ ಕಾಣಿಸಿಕೊಳ್ಳುತ್ತದೆ. ಬಿಳಿಯ ಹೊಗೆ ಮಸಿ ಹಿಡಿದಂತೆ ಬೂದುಬಣ್ಣಕ್ಕೆ ತಿರುಗುತ್ತದೆ. ಪೆಟ್ಟಿಗೆಯ ಮೇಲಿನ ಬರಹವನ್ನು ತಪ್ಪಾಗಿ ಓದಿದ್ದರ ಫಲವಿದು.

ಆಲ್ಫಾಸಹಿತ ಚಿತ್ರವನ್ನು ಬರೆಯಲು ಎರಡು ಕ್ರಮಗಳಿವೆ. ಮೊದಲನೆಯದು 'ಸ್ಟ್ರೈಟ್' ಅಥವಾ ನೇರ ಕ್ರಮ. ಇದರಲ್ಲಿ ಬಣ್ಣವನ್ನು ಇದ್ದಂತೆಯೇ ಬರೆದು, ಆಲ್ಫಾವನ್ನು ಬೇರೆಯಾಗಿ ಬರೆಯಲಾಗುತ್ತದೆ. ಅರ್ಧ ಪಾರದರ್ಶಕವಾದ ಬಿಳಿ ಹೊಗೆಯ ಪಿಕ್ಸೆಲ್‌ನಲ್ಲಿ ಬಣ್ಣ 255, ಆಲ್ಫಾ 128 ಎಂದಿರುತ್ತದೆ. ಎರಡನೆಯದು 'ಪ್ರಿಮಲ್ಟಿಪ್ಲೈಡ್' ಅಥವಾ ಮೊದಲೇ ಗುಣಿಸಿದ ಕ್ರಮ. ಇದರಲ್ಲಿ ಬಣ್ಣವನ್ನು ಆಲ್ಫಾ ಪ್ರಮಾಣಕ್ಕೆ ಇಳಿಸಿ, ಅಂದರೆ ಕಪ್ಪಿನೊಡನೆ ಬೆರೆಸಿ, 128 ಎಂದು ಬರೆಯಲಾಗುತ್ತದೆ. ಆಲ್ಫಾ ಅದೇ 128. ಎರಡೂ ಕ್ರಮಗಳು ಸರಿಯಾದವೇ. ಬರೆದ ಕ್ರಮದಲ್ಲಿಯೇ ಓದಬೇಕು ಎಂಬುದಷ್ಟೇ ನಿಯಮ.

ಗುಣಿಸಿದ ಕಡತವನ್ನು ಸಂಕಲನ ತಂತ್ರಾಂಶವು ನೇರ ಕಡತವೆಂದು ಓದಿದರೆ, ಈಗಾಗಲೇ ಅರ್ಧಕ್ಕಿಳಿದ 128ನ್ನು ಮತ್ತೊಮ್ಮೆ ಅರ್ಧ ಮಾಡಿ 64 ಎನ್ನುತ್ತದೆ. ಬಿಳಿಯ ಗೋಡೆಯ ಮುಂದೆ ಬಿಳಿಯ ಹೊಗೆ 255 ಆಗಿಯೇ ಉಳಿಯಬೇಕು. ಆದರೆ ಹೊಗೆಯ 64ಕ್ಕೆ ಗೋಡೆಯ 127 ಸೇರಿ 191 ಆಗುತ್ತದೆ. ಅದೇ ಕಣ್ಣಿಗೆ ಕಾಣುವ ಬೂದುಬಣ್ಣ. ಇದಕ್ಕೆ ವಿರುದ್ಧವಾಗಿ ನೇರ ಕಡತವನ್ನು ಗುಣಿಸಿದ ಕಡತವೆಂದು ಓದಿದರೆ ಅಂಚುಗಳು ಅಸಹಜವಾಗಿ ಬೆಳಗುತ್ತವೆ. ಕಪ್ಪು ಹಿನ್ನೆಲೆಯಲ್ಲಿ 128 ಆಗಬೇಕಾದ ಹೊಗೆ 255 ಆಗಿ ಕಣ್ಣು ಕುಕ್ಕುತ್ತದೆ.

ಪಿಎನ್‌ಜಿ ಮಾನಕದಲ್ಲಿ ನೇರ ಕ್ರಮವೇ ವಿಧಿಸಲ್ಪಟ್ಟಿರುವುದರಿಂದ ಗೊಂದಲಕ್ಕೆ ಆಸ್ಪದ ಕಡಿಮೆ. ವಿಡಿಯೊ ಕಡತಗಳಲ್ಲಿ ಎರಡೂ ಕ್ರಮಗಳು ಬಳಕೆಯಲ್ಲಿರುವ ಕಾರಣ, ಯಾವ ಕ್ರಮವೆಂಬುದನ್ನು ಕಡತದ ಹೆಸರಿನಲ್ಲಿಯೇ ನಮೂದಿಸುವುದು ಉತ್ತಮ. ಅಂಚಿನ ದೋಷ ಕಂಡುಬಂದಲ್ಲಿ ಸ್ಟುಡಿಯೊದವರಿಂದ ಕೆಲಸವನ್ನು ಪುನಃ ಮಾಡಿಸುವ ಮುನ್ನ ಸಂಕಲನ ತಂತ್ರಾಂಶದಲ್ಲಿ ಓದುವ ಕ್ರಮವನ್ನು ಬದಲಿಸಿ ನೋಡಬೇಕು. ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ 'ಕ್ಲಿಪ್ ಆಟ್ರಿಬ್ಯೂಟ್ಸ್', ಪ್ರೀಮಿಯರ್ ಪ್ರೊದಲ್ಲಿ 'ಇಂಟರ್‌ಪ್ರೆಟ್ ಫುಟೇಜ್', ಫೈನಲ್ ಕಟ್ ಪ್ರೊದಲ್ಲಿ 'ಆಲ್ಫಾ ಹ್ಯಾಂಡ್ಲಿಂಗ್' ಎಂಬಲ್ಲಿ ಆಲ್ಫಾಗೆ ಸಂಬಂಧಿಸಿದ ಆಯ್ಕೆಗಳಿವೆ. ಬಹಳಷ್ಟು ಸಲ ವಾದವಿವಾದ ಇಲ್ಲಿಯೇ ಬಗೆಹರಿಯುತ್ತದೆ.

ಕಡತವನ್ನು ಹೊರತೆಗೆಯುವ ಕ್ರಮ

ಮೋಷನ್ ಗ್ರಾಫಿಕ್ಸ್ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು ಆಫ್ಟರ್ ಎಫೆಕ್ಟ್ಸ್ ತಂತ್ರಾಂಶ. ಇದರಲ್ಲಿ ಕೆಲಸವನ್ನು 'ರೆಂಡರ್ ಕ್ಯೂ'ಗೆ ಸೇರಿಸಿ 'ಔಟ್‌ಪುಟ್ ಮಾಡ್ಯೂಲ್' ತೆರೆಯಬೇಕು. ಅಲ್ಲಿ ಕ್ವಿಕ್‌ಟೈಮ್ ಹಾಗೂ ಪ್ರೊರೆಸ್ 4444 ಆರಿಸಿಕೊಂಡ ಮೇಲೆ 'ಚಾನೆಲ್ಸ್' ಎಂಬಲ್ಲಿ 'ಆರ್‌ಜಿಬಿ + ಆಲ್ಫಾ' ಎಂದು ಬದಲಿಸಬೇಕು. ಮೊದಲೇ ನಿಗದಿಯಾಗಿ ಬರುವ ಆಯ್ಕೆ ಕೇವಲ ಆರ್‌ಜಿಬಿ ಆಗಿರುವುದರಿಂದ ತಪ್ಪು ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಅದರ ಕೆಳಗಿನ 'ಡೆಪ್ತ್' ಎಂಬಲ್ಲಿ ಹೆಸರಿನ ಕೊನೆಗೆ ಕೂಡಿಸುವ ಚಿಹ್ನೆಯುಳ್ಳ ಆಯ್ಕೆ ಇದ್ದರೆ ಆಲ್ಫಾ ಸೇರಿದೆ ಎಂದರ್ಥ. 'ಕಲರ್' ಎಂಬಲ್ಲಿ ಸ್ಟ್ರೈಟ್ ಅಥವಾ ಪ್ರಿಮಲ್ಟಿಪ್ಲೈಡ್ ಎಂಬುದನ್ನು ಆರಿಸಿಕೊಳ್ಳಬಹುದು.

ಹೊರತೆಗೆಯುವ ಮುನ್ನ ಕಲಾವಿದರು ತಮ್ಮ ಅನುಕೂಲಕ್ಕಾಗಿ ಹಾಸಿಕೊಂಡ ಕಪ್ಪು ಪದರ ಯಾವುದಾದರೂ ಉಳಿದಿದೆಯೇ ಎಂದು ಪರೀಕ್ಷಿಸುವುದು ಅವಶ್ಯ. ಅಂತಹ ಪದರವಿದ್ದರೆ ಆಲ್ಫಾ ಸೇರಿಸಿದರೂ ಎಲ್ಲೆಡೆ 255 ಎಂದೇ ದಾಖಲಾಗುತ್ತದೆ. ಪಾರದರ್ಶಕ ಜಾಗವನ್ನು ಚೌಕಳಿಯಾಗಿ ತೋರಿಸುವ ಗುಂಡಿಯನ್ನು ಒತ್ತಿದರೆ ಇದು ಕೂಡಲೇ ಗೊತ್ತಾಗುತ್ತದೆ.

ಪರವಾನಗಿ ವೆಚ್ಚವನ್ನು ಭರಿಸಲಾಗದ ಸಣ್ಣ ಸ್ಟುಡಿಯೊಗಳಿಗೆ 2002ರಿಂದ ಮುಕ್ತ ತಂತ್ರಾಂಶವಾಗಿ ದೊರೆಯುತ್ತಿರುವ ಬ್ಲೆಂಡರ್ ಉತ್ತಮ ಸಾಧನ. ಅದರಲ್ಲಿ 'ಫಿಲ್ಮ್' ವಿಭಾಗದ 'ಟ್ರಾನ್ಸ್‌ಪರೆಂಟ್' ಆಯ್ಕೆಯನ್ನು ಗುರುತು ಮಾಡಿ, ಪಿಎನ್‌ಜಿ ಹಾಗೂ ಆರ್‌ಜಿಬಿಎ ಆರಿಸಿದರೆ ಹಿನ್ನೆಲೆಯಿಲ್ಲದ ಸರಣಿ ಸಿದ್ಧವಾಗುತ್ತದೆ. ಆದ್ದರಿಂದ ಸರಿಯಾದ ಕಡತ ಕೊಡಲು ದುಬಾರಿ ತಂತ್ರಾಂಶವೇ ಬೇಕೆಂಬ ನೆಪ ನಿಲ್ಲುವುದಿಲ್ಲ.

ಅಡ್ಡದಾರಿಗಳ ಮಿತಿ

ಕಪ್ಪು ಹಿನ್ನೆಲೆಯ ಎಂಪಿ4 ಮಾತ್ರ ಕೈಯಲ್ಲಿರುವಾಗ ಸಂಕಲನಕಾರರು ಕೆಲವು ಉಪಾಯಗಳನ್ನು ಹೂಡುವುದುಂಟು. 'ಸ್ಕ್ರೀನ್' ಎಂಬ ಬೆರಕೆಯ ವಿಧಾನ ಬಳಸಿದರೆ ಕಪ್ಪು ಮರೆಯಾಗಿ ಬೆಳಕಿನ ಭಾಗಗಳು ಮಾತ್ರ ಉಳಿಯುತ್ತವೆ. ಕತ್ತಲೆಯ ದೃಶ್ಯದ ಮೇಲೆ ಬಿಳಿ ಹೊಗೆಗೆ ಇದು ಸಾಕಾಗಬಹುದು. ಆದರೆ ಲಾಂಛನದಲ್ಲಿ ಕಪ್ಪು ಅಕ್ಷರಗಳಿದ್ದರೆ ಹಿನ್ನೆಲೆಯೊಂದಿಗೆ ಅವೂ ಮರೆಯಾಗುತ್ತವೆ. ಬಿಳಿಯ ದೃಶ್ಯದ ಮೇಲೆ ಹೊಗೆಯೇ ಕಾಣದಾಗುತ್ತದೆ. ಹಸಿರು ಹಿನ್ನೆಲೆಯಲ್ಲಿ ಮಾಡಿಸಿ ಹಸಿರನ್ನು ತೆಗೆಯುವ ವಿಧಾನದಲ್ಲಿ ಅರೆಪಾರದರ್ಶಕ ಹೊಗೆಯೊಳಗೆ ಹಸಿರು ಬೆರೆತಿರುವುದರಿಂದ ಕಲೆ ಉಳಿಯುತ್ತದೆ. ಜಿಫ್ ಕಡತದಲ್ಲಿ ಪಿಕ್ಸೆಲ್ ಒಂದೋ ಪೂರ್ಣ ಪಾರದರ್ಶಕ, ಇಲ್ಲವೇ ಪೂರ್ಣ ಅಪಾರದರ್ಶಕ. ಹೊಗೆಗೆ ಬೇಕಾದ ನಡುವಿನ ಅಂಕಿಗಳು ಅಲ್ಲಿ ಇಲ್ಲವೇ ಇಲ್ಲ.

ದೊಡ್ಡ ಕಡತವನ್ನು ಕಳುಹಿಸುವುದು ಸಾಧ್ಯವೇ ಇಲ್ಲದಿದ್ದಲ್ಲಿ ಒಂದು ಹಳೆಯ ಪದ್ಧತಿ ಇಂದಿಗೂ ಪ್ರಯೋಜನಕ್ಕೆ ಬರುತ್ತದೆ. ಬಣ್ಣದ ಚಿತ್ರವನ್ನು ಒಂದು ಕಡತವಾಗಿ, ಆಲ್ಫಾವನ್ನೇ ಕಪ್ಪು-ಬಿಳುಪು ಚಿತ್ರವಾಗಿ ಮಾಡಿ ಮತ್ತೊಂದು ಕಡತವಾಗಿ ಕಳುಹಿಸಬಹುದು. ದೂರದರ್ಶನ ಪ್ರಸಾರದಲ್ಲಿ ಇವನ್ನು 'ಫಿಲ್' ಮತ್ತು 'ಕೀ' ಎನ್ನುತ್ತಾರೆ. ಸಂಕಲನಕಾರರು ಎರಡನ್ನೂ ಜೋಡಿಸಿಕೊಂಡರೆ ಪಾರದರ್ಶಕತೆ ಮರಳಿ ದೊರೆಯುತ್ತದೆ. ಎರಡೂ ಎಂಪಿ4 ಆಗಿರಬಹುದಾದ್ದರಿಂದ ಗಾತ್ರ ಕಡಿಮೆ. ಗುಣಮಟ್ಟ ಸ್ವಲ್ಪ ಕುಂದಿದರೂ ತುರ್ತಿಗೆ ಆಗುತ್ತದೆ.

ಕನ್ನಡ ಅಕ್ಷರಗಳ ವಿಷಯ

ಕನ್ನಡದಲ್ಲಿ ಹೆಸರು, ಘೋಷವಾಕ್ಯ ಬರುವ ಲಾಂಛನಗಳಿಗೆ ಇನ್ನೊಂದು ಕಾರಣದಿಂದಲೂ ಆಲ್ಫಾಸಹಿತ ಸಿದ್ಧ ಕಡತ ಒಳ್ಳೆಯದು. ಕೆಲವು ಸ್ಟುಡಿಯೊಗಳು ತಿದ್ದಬಹುದಾದ ಮಾದರಿ ಕಡತವನ್ನೇ ಸಂಕಲನಕಾರರಿಗೆ ಕೊಡುತ್ತವೆ. ಅಡೋಬಿ ತಂತ್ರಾಂಶಗಳಲ್ಲಿ 2017ರಿಂದ ಇಂತಹ 'ಮೋಷನ್ ಗ್ರಾಫಿಕ್ಸ್ ಟೆಂಪ್ಲೇಟ್'ಗಳಿಗೆ ಅವಕಾಶವಿದೆ. ಭಾಷಣಕಾರರ ಹೆಸರುಗಳಂತೆ ಪದೇ ಪದೇ ಬದಲಾಗುವ ಬರಹಗಳಿಗೆ ಇದು ಅನುಕೂಲವೇ. ಆದರೆ ಸಂಕಲನಕಾರರ ಗಣಕಯಂತ್ರದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ಬರಹದ ರೂಪ ಕೆಡುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅಕ್ಷರಶೈಲಿ ಬಳಸಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಸಕ್ರಿಯವಾಗಿಲ್ಲದಿದ್ದರೆ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸಾಲಾಗಿ ನಿಲ್ಲುತ್ತವೆ. ಹೊರತೆಗೆದ ಸಿದ್ಧ ಕಡತದಲ್ಲಿ ಅಕ್ಷರಗಳು ಚಿತ್ರವಾಗಿಯೇ ಉಳಿಯುವುದರಿಂದ ಈ ಯಾವ ಅಪಾಯವೂ ಇಲ್ಲ.

ಒಪ್ಪಿಸಿಕೊಳ್ಳುವಾಗಿನ ಪರೀಕ್ಷೆ

ಸರಿಯಾದ ಕಡತವನ್ನು ತಪ್ಪೆಂದು ಹಿಂತಿರುಗಿಸುವ ಪ್ರಸಂಗಗಳೂ ಉಂಟು. ಆಲ್ಫಾಸಹಿತ ಕಡತವನ್ನು ಸಾಮಾನ್ಯ ವಿಡಿಯೊ ವೀಕ್ಷಣಾ ತಂತ್ರಾಂಶದಲ್ಲಿ ತೆರೆದರೆ ಖಾಲಿ ಜಾಗ ಕಪ್ಪಾಗಿಯೇ ಕಾಣಬಹುದು. ನೇರ ಕ್ರಮದ ಕಡತವಾದರೆ ಅಂಚುಗಳು ಒರಟಾಗಿ, ಹೊಗೆ ಗಟ್ಟಿಯಾದ ಬಿಳಿ ತೇಪೆಯಂತೆ ಕಾಣುವುದೂ ಉಂಟು. ವೀಕ್ಷಣಾ ತಂತ್ರಾಂಶ ಆಲ್ಫಾವನ್ನು ಲೆಕ್ಕಿಸದಿರುವುದೇ ಇದಕ್ಕೆ ಕಾರಣ. ಕಡತದ ಯೋಗ್ಯತೆಯನ್ನು ಸಂಕಲನ ತಂತ್ರಾಂಶದಲ್ಲಿಯೇ ತೀರ್ಮಾನಿಸಬೇಕು. ಲಾಂಛನವನ್ನು ಮೊದಲು ಅಚ್ಚ ಬಿಳಿಯ, ನಂತರ ಅಚ್ಚ ಕಪ್ಪಿನ, ಕೊನೆಗೆ ನಿಜವಾಗಿ ಬಳಸಲಿರುವ ದೃಶ್ಯದ ಮೇಲೆ ಇರಿಸಿ ನೋಡಬೇಕು. ಬಿಳಿಯ ಮೇಲೆ ಕಪ್ಪು ಗೆರೆಯೂ, ಕಪ್ಪಿನ ಮೇಲೆ ಬೆಳಗುವ ಅಂಚೂ ಕಾಣದಿದ್ದರೆ ಕಡತ ಸರಿಯಾಗಿದೆ ಎಂದೇ ತಿಳಿಯಬಹುದು.

ಬೇಡಿಕೆ ಪತ್ರದಲ್ಲಿ ಇರಬೇಕಾದ ಅಂಶಗಳು

1. ಪಾರದರ್ಶಕ ಹಿನ್ನೆಲೆ, ಅಂದರೆ ಆಲ್ಫಾ ಚಾನೆಲ್ ಇರಬೇಕೆಂಬ ಸ್ಪಷ್ಟ ಉಲ್ಲೇಖ.

2. ಪೆಟ್ಟಿಗೆ ಮತ್ತು ಕೋಡೆಕ್ ಎರಡರ ಹೆಸರು. ಉದಾಹರಣೆಗೆ, ಎಂಒವಿ, ಪ್ರೊರೆಸ್ 4444. ಯಾವುದು ಬೇಕೆಂಬುದನ್ನು ಸಂಕಲನಕಾರರನ್ನು ಕೇಳಿಯೇ ಬರೆಯುವುದು ಲೇಸು.

3. ಆಲ್ಫಾ ಬರೆಯುವ ಕ್ರಮ: ಸ್ಟ್ರೈಟ್ ಅಥವಾ ಪ್ರಿಮಲ್ಟಿಪ್ಲೈಡ್.

4. ಚಿತ್ರದ ಅಳತೆ ಮತ್ತು ಫ್ರೇಮ್ ದರ. ಭಾರತದ ದೂರದರ್ಶನ ವ್ಯವಸ್ಥೆ 25 ಫ್ರೇಮಿನ ಆಧಾರದ್ದು. ಚಲನಚಿತ್ರ ಮಂದಿರಕ್ಕೆ 24. ಮೇಳದ ಎಲ್ಇಡಿ ಪರದೆಗಳ ಅಳತೆ ಬೇರೆ ಬೇರೆ ಇರುವುದರಿಂದ ಮೊದಲೇ ವಿಚಾರಿಸಬೇಕು.

5. ಶಾಶ್ವತ ಸಂಗ್ರಹಕ್ಕಾಗಿ ಪಿಎನ್‌ಜಿ ಸರಣಿಯ ಒಂದು ಪ್ರತಿ ಮತ್ತು ಧ್ವನಿಯ ಪ್ರತ್ಯೇಕ ಕಡತ. ಆಪಲ್ ಸಂಸ್ಥೆ ವಿಂಡೋಸ್‌ನ ಕ್ವಿಕ್‌ಟೈಮ್‌ಗೆ ನೀಡುತ್ತಿದ್ದ ಬೆಂಬಲವನ್ನು 2016ರಲ್ಲಿ ನಿಲ್ಲಿಸಿತು. 2018ರಲ್ಲಿ ಅಡೋಬಿಯ ತಂತ್ರಾಂಶಗಳು ಹಳೆಯ ಕ್ವಿಕ್‌ಟೈಮ್ ವ್ಯವಸ್ಥೆಯನ್ನು ಕೈಬಿಟ್ಟಾಗ ಕೆಲವು ಹಳೆಯ ಕೋಡೆಕ್‌ಗಳ ಕಡತಗಳು ಅವುಗಳಲ್ಲಿ ತೆರೆಯದಾದವು. ಹತ್ತು ವರ್ಷ ಬಳಸಬೇಕಾದ ಲಾಂಛನವನ್ನು ಒಂದೇ ಕೋಡೆಕ್‌ನ ಭರವಸೆಯಲ್ಲಿ ಇಡುವುದು ಸಲ್ಲದು.

6. ಮೂಲ ಯೋಜನಾ ಕಡತ ಮತ್ತು ಕೃತಿಸ್ವಾಮ್ಯದ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ವಿದೇಶಗಳಿಗೆ ಸರಕು ಕಳುಹಿಸುವ ಘಟಕಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

7. ಕೊನೆಯ ಕಂತಿನ ಪಾವತಿಯು ಮೇಲೆ ಹೇಳಿದ ಪರೀಕ್ಷೆಯ ನಂತರವೇ ಎಂಬ ಷರತ್ತು.

ಆನಿಮೇಶನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ಕರ್ನಾಟಕ. ಈ ಕೆಲಸ ಬಲ್ಲ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಎರಡು-ಮೂರು ಜನರ ಸ್ಟುಡಿಯೊಗಳಿಗೆ ಒಂದೇ ಕೆಲಸವನ್ನು ಎರಡು ಸಲ ಮಾಡಿಕೊಡುವುದು ಬಿಟ್ಟಿ ದುಡಿಮೆಯಾಗುತ್ತದೆ. ಸಣ್ಣ ಉದ್ಯಮಿಗೆ ಮೇಳದ ದಿನ ಖಾಲಿ ಉಳಿದ ಪರದೆ ಮರಳಿ ಬಾರದ ಅವಕಾಶವಾಗುತ್ತದೆ. ಮೇಲಿನ ಏಳು ಸಾಲುಗಳನ್ನು ಬರೆಯಲು ಹಿಡಿಯುವುದು ಹತ್ತು ನಿಮಿಷ. ಅವು ಬೇಡಿಕೆ ಪತ್ರದಲ್ಲಿದ್ದಿದ್ದರೆ ಅಗರಬತ್ತಿಯ ಹೊಗೆ ಕಾರ್ಖಾನೆಯ ಅಂಗಳದ ಮೇಲೆಯೇ ಹಗುರವಾಗಿ ಏಳುತ್ತಿತ್ತು.